ನಾಲ್ಕು ತಿಂಗಳ ಕಾಯಿ

ನಮ್ಮ ಮನೆಯವರು ಹೇಳುವ ಕಥೆ ಹೀಗಿದೆ. ಹೊನ್ನವಳ್ಳಿಯ ನಮ್ಮ ದೊಡ್ಡಮ್ಮ ಗಂಗಮ್ಮ, ಎರಡು ಸಲ ಬಸಿರು ನಿಲ್ಲದ ಮಗಳು ಲತಕ್ಕನಿಗಾಗಿ ಮನೆದೇವರಿಗೆ ಹರಕೆ ಕಾಯಿ ಕಟ್ಟಿದಳು. ನಾಲ್ಕು ತಿಂಗಳ ಮೇಲೆ ಅದನ್ನು ಬೆಟ್ಟಕ್ಕೆ ಒಯ್ದು ಒಡೆಸಿದರೆ ಒಳಗೆ ಹನಿ ನೀರಿಲ್ಲ. ಕೊಬ್ಬರಿ ತಾನಾಗಿಯೇ ಚಿಪ್ಪು ಬಿಟ್ಟು, ಒಂದು ಗೀರೂ ಇಲ್ಲದೆ ಉಂಡೆಯಾಗಿ ಉರುಳಿ ಬಂತು. ಮಗುವೂ ಹಾಗೆಯೇ ಬಂತು. ಎಲ್ಲದಕ್ಕೂ ಎದುರುವಾದ ಹೂಡುತ್ತಿದ್ದ ಚೈತ್ರ, ಅಂದರೆ ನಾನು, ಅದನ್ನು ಕಣ್ಣಾರೆ ಕಂಡು ಬಾಯಿ ಮುಚ್ಚಿಕೊಂಡೆ. ಊರೂರು ಸುತ್ತಿ ಚರ್ಚಾಸ್ಪರ್ಧೆ ಗೆದ್ದರೂ ಸಿಗದ ಬದುಕಿನ ಅರ್ಥ ಆ ಒಂದು ದಿನದ ಪ್ರಯಾಣದಲ್ಲಿ ನನಗೆ ಸಿಕ್ಕಿತು.

ಇದರಲ್ಲಿ ನಾನು ಬಾಯಿ ಮುಚ್ಚಿಕೊಂಡೆ ಎಂಬುದು ಮಾತ್ರ ಪೂರ್ತಿ ನಿಜ.

ಈ ಶ್ರಾವಣದಲ್ಲಿ ಹೊನ್ನವಳ್ಳಿಗೆ ಬಂದಿಳಿದಾಗ ಮೊದಲು ಮುಖಕ್ಕೆ ಬಡಿದದ್ದು ದೊಡ್ಡಮ್ಮನ ಮನೆಯ ಕಾಯಿ ಅಟ್ಟದ ವಾಸನೆ. ಒಣಮಟ್ಟೆಯ ಹೊಗೆ, ಇಲಿ ಹಿಕ್ಕೆ, ಸಿಹಿಗೂ ಕಮಟಿಗೂ ನಡುವಿನ ಎಣ್ಣೆಯ ಘಮ. ಮಳೆಗಾಲದಲ್ಲಿ ಕಾಯಿ ತೇವ ಹಿಡಿಯದಿರಲೆಂದು ಅಟ್ಟದ ಕೆಳಗೆ ಸಣ್ಣಗೆ ಹೊಗೆ ಹಾಕುತ್ತಾರೆ. ಆ ಹೊಗೆ ಮೂಗಿಗೆ ಹೋಗಿದ್ದೇ, ಐದು ವರ್ಷದ ಹಿಂದಿನ ಆ ಮಳೆಗಾಲ ಸದ್ದು ಸಮೇತ ಎದ್ದು ಕೂತಿತು.

ಆ ವರ್ಷ ನನ್ನ ಪದವಿ ಮುಗಿದಿತ್ತು, ಕಾನೂನು ಕಾಲೇಜು ಶುರುವಾಗಿರಲಿಲ್ಲ. ಲತಕ್ಕ ಹಾಸಿಗೆ ಬಿಟ್ಟು ಏಳಕೂಡದೆಂದು ಡಾಕ್ಟರು ಹೇಳಿದ್ದರಿಂದ ಅಮ್ಮ ನನ್ನನ್ನು ದೊಡ್ಡಮ್ಮನ ಸಹಾಯಕ್ಕೆ ಅಟ್ಟಿದ್ದಳು. ದೊಡ್ಡಪ್ಪ ತೀರಿಕೊಂಡು ವರ್ಷಗಳಾಗಿದ್ದವು. ಲತಕ್ಕನ ಗಂಡನಿಗೆ ತುರುವೇಕೆರೆಯಲ್ಲಿ ಕೆಲಸ, ಭಾನುವಾರಕ್ಕೊಮ್ಮೆ ಬೈಕಿನಲ್ಲಿ ಬಂದು ಕೂತು, ಏನು ಮಾತಾಡಬೇಕೆಂದು ತಿಳಿಯದೆ ಮೋಟಾರು ರಿಪೇರಿ ಮಾಡಿ ಹೋಗುತ್ತಿದ್ದ. ನಾನೋ, ಅದೇ ತಿಂಗಳು ‘ಬದುಕಿನ ಅರ್ಥ ಪ್ರಯಾಣದಲ್ಲಿದೆ’ ಎಂಬ ವಿಷಯದ ಪರವಾಗಿ ಮಾತಾಡಿ ದೊಡ್ಡ ಕಪ್ಪೊಂದನ್ನು ಗೆದ್ದು ಬಂದಿದ್ದೆ. ಪರವೋ ವಿರೋಧವೋ ಎಂಬುದು ಅಲ್ಲಿ ಚೀಟಿ ಎತ್ತಿದಾಗ ತೀರ್ಮಾನವಾಗುತ್ತದೆ. ವಿರೋಧ ಬಂದಿದ್ದರೂ ಗೆಲ್ಲುತ್ತಿದ್ದೆ. ಆ ವಿಷಯದಲ್ಲಿ ನನಗೆ ಸಂಶಯವಿರಲಿಲ್ಲ.

ದೊಡ್ಡಮ್ಮನಿಗೂ ಒಂದು ಹೆಸರಿತ್ತು. ಸುತ್ತಲ ಹತ್ತು ಹಳ್ಳಿಯಲ್ಲಿ ಅವಳಂಥ ಕಿವಿ ಇರಲಿಲ್ಲ. ಅಟ್ಟಕ್ಕೆ ಹಾಕಿದ ತೆಂಗಿನಕಾಯಿಯ ನೀರು ಪೂರ್ತಿ ಇಂಗಿ, ಕೊಬ್ಬರಿ ಚಿಪ್ಪಿನಿಂದ ಬಿಟ್ಟುಕೊಂಡು ಒಳಗೆ ಗಿಟಗಿಟ ಅನ್ನಲು ಹತ್ತು ಹನ್ನೆರಡು ತಿಂಗಳು ಬೇಕು. ಅದಕ್ಕೇ ಅದನ್ನು ಗಿಟುಕು ಅನ್ನುವುದು. ಅವಸರಪಟ್ಟು ಇಳಿಸಿದರೆ ಕೊಬ್ಬರಿ ಚಿಪ್ಪಿಗೆ ಅಂಟಿಕೊಂಡು ಚೂರಾಗುತ್ತದೆ. ದೊಡ್ಡಮ್ಮ ಏಣಿ ಹತ್ತಿ, ರಾಶಿಯ ನಾಲ್ಕು ಮೂಲೆಯಿಂದ ನಾಲ್ಕು ಕಾಯಿ ಎತ್ತಿ, ಕಿವಿಯ ಹತ್ತಿರ ಅಲ್ಲಾಡಿಸಿ, “ಇನ್ನ ಹದಿನೈದು ದಿನ ಬುಡ್ರಿ” ಎಂದರೆ ಅದೇ ತೀರ್ಪು. ದಂಡಿನಶಿವರದ ನೆಂಟರ ಮನೆಯವರು ಕೂಡ ಕಾರು ಕಳಿಸಿ ಕರೆಸಿಕೊಳ್ಳುತ್ತಿದ್ದರು.

ಲತಕ್ಕನ ಹರಕೆ ಕಾಯಿಯನ್ನು ಕಟ್ಟಿದ್ದು ಯುಗಾದಿ ಕಳೆದ ಮಂಗಳವಾರ. ಆ ಮನೆಯ ಪದ್ಧತಿಯಂತೆ ಅವಳು ಹುಟ್ಟಿದಾಗ ನೆಟ್ಟ ಮರದಿಂದಲೇ ಕಾಯಿ ಕೀಳಬೇಕು, ನೆಲ ಮುಟ್ಟಿಸದೆ ಹಗ್ಗದಲ್ಲಿ ಇಳಿಸಬೇಕು, ಮಟ್ಟೆ ಸಮೇತ ಅರಿಸಿನದ ಬಟ್ಟೆಯಲ್ಲಿ ಸುತ್ತಿ, ಮೂರು ಗಂಟು ಹಾಕಿ, ಅಟ್ಟದ ತೊಲೆಗೆ ನೇತುಹಾಕಬೇಕು. ಬಸುರಿಗೆ ಏಳನೇ ತಿಂಗಳಾದಾಗ ಮನೆದೇವರು ಬೆಟ್ಟದಮ್ಮನಿಗೆ ಒಪ್ಪಿಸಬೇಕು. ಲತಕ್ಕ ಮಲಗಿದಲ್ಲಿಂದ ಅಟ್ಟದ ಬಾಗಿಲು ಕಾಣುತ್ತಿತ್ತು. ಅವಳು ದಿನಕ್ಕೆ ಹತ್ತು ಸಲ “ಐತಾ?” ಎಂದು ಕೇಳುವಳು. “ಐತೆ ಕಣಕ್ಕ, ಎಲ್ಲಿಗೆ ಹೋಗ್ತದೆ, ಕಾಲು ಬಂದಾವಾ ಅದಕ್ಕೆ?” ಎಂದು ನಾನು ಹೇಳುವೆ. ಅವಳು ನಗುತ್ತಿರಲಿಲ್ಲ. ಊಟವೂ ಸೇರುತ್ತಿರಲಿಲ್ಲ. ಎರಡು ಸಲವೂ ಏಳನೇ ತಿಂಗಳಲ್ಲೇ ಹೋಗಿತ್ತು. ಶ್ರಾವಣ ಹತ್ತಿರ ಬಂದಂತೆ ನಿದ್ದೆಯೂ ಹೋಯಿತು.

ಬೆಟ್ಟಕ್ಕೆ ಹೋಗುವ ನಾಲ್ಕು ದಿನ ಮೊದಲು ಅಟ್ಟದ ಹಳೆಯ ರಾಶಿ ಇಳಿಸಿದೆವು. ಕಾಯಿ ಸುಲಿಯುವ ರಂಗಪ್ಪ ಅಂಗಳದಲ್ಲಿ ಗೂಟ ನೆಟ್ಟು ಕೂತಿದ್ದ. ನಾನು ಮೇಲಿನಿಂದ ಕಾಯಿ ಉರುಳಿಸುತ್ತಿದ್ದೆ. ಅಟ್ಟದೊಳಗೆ ಕತ್ತಲೆ, ಹೊಗೆ, ಕಣ್ಣಲ್ಲಿ ನೀರು. ಮಧ್ಯಾಹ್ನದ ಹೊತ್ತಿಗೆ ರಂಗಪ್ಪ ಕೆಳಗಿನಿಂದ ಕೂಗಿದ.

“ಏನ್ ಚೈತ್ರಮ್ಮ, ವರ್ಷದ ರಾಶೀಲಿ ನೀರ್ ಕಾಯಿ ಬಂದೈತಲ್ಲ! ಭಾಷಣ ಮಾಡ್ಕಂಡು ಎಲ್ಲಿಂದ ಎತ್ತಿ ಹಾಕ್ದೆ?”

“ರಾಶೀಲಿ ಇದ್ದಿದ್ದೇ ಹಾಕಿದೀನಿ ರಂಗಪ್ಪಣ್ಣ.”

“ತಗಾ, ಚಟ್ನಿಗಾಯ್ತದೆ.”

ಮಾರನೆಯ ಬೆಳಿಗ್ಗೆ ಅದನ್ನು ನಾನೇ ತುರಿದು, ಹಸಿಮೆಣಸಿನಕಾಯಿ ಹಾಕಿ ರುಬ್ಬಿದೆ. ಲತಕ್ಕ ಅವತ್ತು ಎರಡು ರೊಟ್ಟಿ ತಿಂದಳು. “ಚಟ್ನಿ ಚೆನ್ನಾಗೈತೆ ಕಣೇ, ಇನ್ನೊಸಿ ಹಾಕು” ಅಂದಳು. ಎಷ್ಟೋ ದಿನದ ಮೇಲೆ ಅವಳು ಏನನ್ನೋ ಕೇಳಿ ಹಾಕಿಸಿಕೊಂಡದ್ದು. ನಾನು ಗೆದ್ದವಳಂತೆ ಅಡುಗೆಮನೆಯಲ್ಲಿ ಓಡಾಡಿದೆ.

ನಾನೂ ದೊಡ್ಡಮ್ಮನೂ ಬೆಟ್ಟಕ್ಕೆ ಹೊರಡುವ ಹಿಂದಿನ ಸಂಜೆ, ಕಾಯಿ ತರಲೆಂದು ಅಟ್ಟ ಹತ್ತಿದರೆ ತೊಲೆಯಲ್ಲಿ ಹಳದಿ ಬಟ್ಟೆ ಮಾತ್ರ ಜೋಲುತ್ತಿತ್ತು. ತಳದಲ್ಲಿ ಇಲಿ ಕಡಿದ ತೂತು. ಕಾಯಿ ಯಾವಾಗಲೋ ಜಾರಿ ರಾಶಿಗೆ ಬಿದ್ದಿತ್ತು. ಉಳಿದದ್ದೆಲ್ಲ ಒಂದೇ ಕ್ಷಣದಲ್ಲಿ ಜೋಡಿಸಿಕೊಂಡಿತು. ನೀರ್ ಕಾಯಿ. ರೊಟ್ಟಿ. ಇನ್ನೊಸಿ ಹಾಕು.

ಕೆಳಗಿನಿಂದ ಲತಕ್ಕನ ದನಿ. “ಐತಾ?”

“ಐತೆ” ಎಂದೆ.

ಇಲ್ಲಿ ನನ್ನ ತರಬೇತಿ ನೆರವಿಗೆ ಬಂತು. ವಾದ ತಕ್ಷಣ ಸಿದ್ಧವಾಯಿತು. ದೇವರು ಇಲ್ಲವಾದರೆ ಯಾವ ಕಾಯಿಯಾದರೇನು? ಇದ್ದರೆ, ಇಲಿ ಮಾಡಿದ ತಪ್ಪಿಗೆ ಬಸುರಿಯನ್ನು ಶಿಕ್ಷಿಸುವಷ್ಟು ಸಣ್ಣತನ ಅದಕ್ಕೆ ಇರಲಾರದು. ಎರಡೂ ಕಡೆಯಿಂದ ಕಾಯಿ ಕಾಯಿಯೇ. ಮೂಲೆಯಲ್ಲಿ ರಂಗಪ್ಪನಿಗೆ ಇಳಿಸದೆ ಬಿಟ್ಟ ಒಂದಷ್ಟು ಕಾಯಿಗಳಿದ್ದವು. ಹೊಗೆ ಹಿಡಿದು ಅದೇ ಬಣ್ಣಕ್ಕೆ ತಿರುಗಿದ್ದ, ಅದೇ ಗಾತ್ರದ ಒಂದನ್ನು ಆರಿಸಿ, ಬಟ್ಟೆಯ ತೂತು ಒಳಗೆ ಹೋಗುವಂತೆ ಸುತ್ತಿ, ಮೂರು ಗಂಟು ಹಾಕಿದೆ. ಕಣ್ಣಿಗೆ ಕಾಣುವುದೆಲ್ಲ ಸರಿಯಾಗಿತ್ತು. ತೆಂಗಿನ ಸೀಮೆಯಲ್ಲಿ ಹುಟ್ಟಿ ಬೆಳೆದವಳು ಅದನ್ನು ಒಮ್ಮೆ ಅಲ್ಲಾಡಿಸಿ ನೋಡಬೇಕಿತ್ತು. ನೋಡಲಿಲ್ಲ.

ಹೊನ್ನವಳ್ಳಿಯಿಂದ ತಿಪಟೂರಿಗೆ ಒಂದು ಬಸ್ಸು, ಅಲ್ಲಿಂದ ಹಂದನಕೆರೆಗೆ ಇನ್ನೊಂದು, ಆಮೇಲೆ ಲಗೇಜ್ ಆಟೋ, ಕೊನೆಗೆ ಬೆಟ್ಟದ ಮೆಟ್ಟಿಲು. ಪ್ರವಾಸ ಎಂದು ಜನ ಕರೆಯುವ ಯಾವುದಕ್ಕೂ ಇದನ್ನು ಹೋಲಿಸುವಂತಿಲ್ಲ. ಮಧ್ಯಾಹ್ನದ ಊಟಕ್ಕೆ ಹೋಗಿ ಮುಟ್ಟುವ ದೂರ. ಆದರೆ ಅಷ್ಟು ಉದ್ದದ ದಾರಿಯನ್ನು ನಾನು ಆಮೇಲೆಂದೂ ಕ್ರಮಿಸಿಲ್ಲ.

ಬಸ್ಸು ಊರಾಚೆಯ ಮೊದಲ ರಸ್ತೆ ಹಂಪು ಹತ್ತಿ ಇಳಿಯಿತು. ದೊಡ್ಡಮ್ಮನ ಮಡಿಲಲ್ಲಿ ಕಾಯಿ ಗಿಟ್ ಅಂದಿತು.

ನಾಲ್ಕು ತಿಂಗಳ ಕಾಯಿಯಲ್ಲಿ ನೀರು ತುಳುಕಬೇಕು. ಗಿಟ್ ಅನ್ನಲು ಸಾಧ್ಯವೇ ಇಲ್ಲ. ಎರಡನೇ ಹಂಪು. ಗಿಟ್, ಗಿಟ್. ಗುಂಡಿ ಬಿದ್ದ ಕಡೆಯೆಲ್ಲ ಒಳಗಿನ ಉಂಡೆ ಚಿಪ್ಪಿಗೆ ಬಡಿಯುತ್ತಿತ್ತು, ಬಾಗಿಲು ತೆಗೆಯಿರೆಂದು ಯಾರೋ ಬೆರಳಿನ ಗಿಣ್ಣಿನಿಂದ ತಟ್ಟಿದ ಹಾಗೆ. ಆ ಸದ್ದು ಮುಚ್ಚಲು ನಾನು ಮಾತಾಡತೊಡಗಿದೆ. ಅಡಿಕೆ ರೇಟು, ಕಾಲೇಜಿನ ಹಾಸ್ಟೆಲು, ಬಸ್ಸಿನ ಹೊಗೆ.

“ಏನೇ ಇವತ್ತು, ಬಾಯಿಗೆ ಮೋಟರ್ ಕಟ್ಟಿದೀಯ?” ಅಂದಳು ದೊಡ್ಡಮ್ಮ, ನನ್ನ ಮುಖವನ್ನೇ ನೋಡುತ್ತ.

ಹಂದನಕೆರೆಯ ಬಸ್ಸಿನಲ್ಲಿ ಪಕ್ಕದ ಸೀಟಿನ ಹೆಂಗಸು ಬಗ್ಗಿ ಕೇಳಿದಳು. “ಏನವ್ವ, ಗಿಟುಕು ತಗಂಡು ಹೊಂಟಿದೀರಾ?”

“ಹರಕೆ ಕಾಯಿ ಕಣವ್ವ.”

“ಎಷ್ಟ್ ತಿಂಗ್ಳುದ್ದು?”

ದೊಡ್ಡಮ್ಮ ಅಷ್ಟರಲ್ಲಿ ಮುಖ ತಿರುಗಿಸಿದ್ದಳು. ಕಿಟಕಿಯ ಹೊರಗೆ ರಾಗಿ ಹೊಲ ನೋಡುತ್ತಿದ್ದಳು. ಸ್ವಲ್ಪ ಹೊತ್ತಾದ ಮೇಲೆ ಸೆರಗನ್ನು ಎರಡು ಸುತ್ತು ಕಾಯಿಗೆ ಸುತ್ತಿ, ಎರಡೂ ಅಂಗೈ ಅದರ ಮೇಲೆ ಒತ್ತಿ ಹಿಡಿದಳು. ಸದ್ದು ಸಣ್ಣದಾಯಿತು. ನಿಲ್ಲಲಿಲ್ಲ.

ಬೆಟ್ಟದ ಮೆಟ್ಟಿಲಲ್ಲಿ ಉಸಿರು ತೆಗೆದುಕೊಳ್ಳಲು ಕೂತಾಗ ಕೇಳಿದಳು. “ಅಲ್ಲ ಕಣೇ, ಅದೇನೋ ಕಪ್ಪು ಗೆದ್ದ್ಯಲ್ಲ, ಏನಂತ ಮಾತಾಡ್ದೆ?”

“ಬದುಕಿನ ಅರ್ಥ ಪ್ರಯಾಣದಲ್ಲೈತೆ ಅಂತ.”

“ಅಂಗಾರೆ ಬಸ್ ಕಂಡಕ್ಟ್ರಿಗೆ ಎಲ್ಲಾ ಅರ್ಥ ಆಗಿರ್ಬೇಕು, ಬುಡು.”

ನಾನು ನಕ್ಕೆ. “ಇಲ್ಲ ಅಂತ ಮಾತಾಡು ಅಂದಿದ್ರೂ ಗೆಲ್ತಿದ್ದೆ ದೊಡ್ಡಮ್ಮ.”

“ಎರಡು ಕಡೀಕೂ ಮಾತಾಡೋಳು ನೀನು. ನಿನ್ ಮನಸ್ಸು ಯಾವ ಕಡೀಕೈತೆ?”

ಆ ಪ್ರಶ್ನೆಗೆ ಅಂಕ ಕೊಡುವ ತೀರ್ಪುಗಾರರು ಯಾರೂ ಇರಲಿಲ್ಲ. ಹೇಳಿಬಿಡಬೇಕೆಂದು ಬಾಯಿ ತೆರೆದೆ. ಅವಳು ಆಗಲೇ ಎದ್ದು ಬೆನ್ನು ತಿರುಗಿಸಿ ಮೆಟ್ಟಿಲು ಹತ್ತುತ್ತಿದ್ದಳು. “ದೊಡ್ಡಮ್ಮ” ಎಂದೆ. ತಿರುಗಲಿಲ್ಲ.

ಗುಡಿ ಚಿಕ್ಕದು, ಪೂಜಾರಿ ವಯಸ್ಸಾದವನು. ಮಟ್ಟೆ ಸುಲಿದು, ಕಾಯಿಯನ್ನು ಕೈಗೆತ್ತಿಕೊಂಡವನೇ ಹುಬ್ಬು ಗಂಟಿಕ್ಕಿದ. ಅಲ್ಲಾಡಿಸಿದ. ಮತ್ತೆ ಅಲ್ಲಾಡಿಸಿದ.

“ಯಾವತ್ತು ಕಟ್ಟಿದ್ದು ತಾಯಿ?”

“ಯುಗಾದಿ ಆದ್ಮೇಕೆ.”

ಅವನು ಮಚ್ಚಿನ ಹಿಂಭಾಗದಿಂದ ಬಡಿದ. ಚಿಪ್ಪು ಎರಡಾಯಿತು. ಹನಿ ನೀರು ಬೀಳಲಿಲ್ಲ. ಉಂಡೆ ಕೊಬ್ಬರಿ ಕಲ್ಲಿನ ಮೇಲೆ ಬಿದ್ದು, ಉರುಳಿ, ದೊಡ್ಡಮ್ಮನ ಕಾಲ ಹತ್ತಿರ ಬಂದು ನಿಂತಿತು. ಗುಡಿಯಲ್ಲಿದ್ದ ನಾಲ್ಕಾರು ಜನ ಎದ್ದು ಬಂದರು.

“ನಾಕೇ ತಿಂಗ್ಳಿಗೆ ಗಿಟುಕು!” ಪೂಜಾರಿ ಕೈ ಮುಗಿದ. “ನನ್ ಜೀವಮಾನದಲ್ಲಿ ನೋಡಿಲ್ಲ ಕಣವ್ವ. ನಿನ್ ಮಗಳ ಕೂಸು ಇಂಗೇ ಬತ್ತದೆ, ಒಂದು ಗಾಯ ಇಲ್ದಂಗೆ.”

ದೊಡ್ಡಮ್ಮ ಬಗ್ಗಿ ಉಂಡೆಯನ್ನು ಎತ್ತಿಕೊಂಡಳು. ಅದನ್ನು ತಿರುಗಿಸಿ ನೋಡಿದಳು, ಬಣ್ಣ, ಒಣಗಿದ ಸುಕ್ಕು, ಎಲ್ಲ. ಆಮೇಲೆ ನನ್ನ ಕಡೆ ನೋಡಿದಳು. ನನ್ನನ್ನೋ, ನನ್ನ ಹಿಂದಿದ್ದ ಬಾಗಿಲನ್ನೋ ಇವತ್ತಿಗೂ ಖಚಿತವಿಲ್ಲ. “ಅಮ್ಮನ ಇಚ್ಛೆ” ಎಂದು ಸೆರಗಿನಲ್ಲಿ ಕಟ್ಟಿಕೊಂಡಳು.

ಮನೆ ಮುಟ್ಟುವ ಮೊದಲೇ ಸುದ್ದಿ ಫೋನಿನಲ್ಲಿ ಮುಟ್ಟಿತ್ತು. ಲತಕ್ಕ ಆ ಉಂಡೆಯನ್ನು ಎರಡೂ ಕೈಯಲ್ಲಿ ಹಿಡಿದು ಎದೆಗೆ ಒತ್ತಿಕೊಂಡಳು, ದಿಂಬಿನ ಪಕ್ಕ ಇಟ್ಟುಕೊಂಡು ಮಗುವಿನ ಹಾಗೆ ನಿದ್ದೆ ಹೋದಳು. ಏಳನೇ ತಿಂಗಳು ದಾಟಿತು. ಕಾರ್ತಿಕದಲ್ಲಿ ಹೆಣ್ಣು ಮಗು ಹುಟ್ಟಿತು. ಹೆಸರು ದೀಕ್ಷಾ, ಊರೆಲ್ಲ ಕರೆಯುವುದು ಗಿಟುಕಮ್ಮ ಎಂದು.

ನನ್ನ ಕೈಯಲ್ಲಿ ಏನಿದೆ ಎಂದು ಯೋಚಿಸಿ. ಹರಕೆ ಕಾಯಿ ದೇವರಿಗೆ ಮುಟ್ಟಲೇ ಇಲ್ಲ, ಬಸುರಿಯೇ ಅದನ್ನು ಚಟ್ನಿ ಮಾಡಿಸಿಕೊಂಡು ತಿಂದಳು, ಆದರೂ ಮಗು ಸುಖವಾಗಿ ಹುಟ್ಟಿತು. ಸಂದೇಹವಾದಿಯೊಬ್ಬಳಿಗೆ ಇದಕ್ಕಿಂತ ಒಳ್ಳೆಯ ಸಾಕ್ಷಿ ಜನ್ಮದಲ್ಲಿ ಸಿಗುವುದಿಲ್ಲ. ಅದನ್ನು ಒಂದು ಸಲವೂ ಬಳಸಲಾಗಿಲ್ಲ. ಬದಲಿಗೆ, ನಾನೇ ತಯಾರಿಸಿದ ಪವಾಡಕ್ಕೆ ನಾನೇ ಕಣ್ಣಾರೆ ಕಂಡ ಸಾಕ್ಷಿ. ಆಮೇಲೆ ಸ್ಪರ್ಧೆಗಳಿಗೆಂದು ಎಷ್ಟೋ ದೂರದ ಊರಿಗೆ ಹೋದೆ. ರೈಲು ಹಳಿ ಬದಲಿಸುವಾಗ, ಬಸ್ಸು ಹಂಪು ಇಳಿಯುವಾಗ, ನನ್ನ ಕಿವಿ ಅದೊಂದು ಸದ್ದಿಗೆ ಕಾಯುತ್ತದೆ. ಪ್ರಯಾಣದಲ್ಲಿ ಅರ್ಥ ಸಿಗುತ್ತದೆಂದು ವೇದಿಕೆ ಹತ್ತಿ ಹೇಳಿದ್ದವಳಿಗೆ ಸಿಕ್ಕಿದ್ದು ಅದು. ಗಿಟ್, ಗಿಟ್. ಯಾರೋ ಒಳಗಿನಿಂದ ತಟ್ಟುತ್ತಿದ್ದಾರೆ, ನಾನು ಬಾಗಿಲು ತೆಗೆಯುತ್ತಿಲ್ಲ.

ನನ್ನನ್ನು ಕಾಡುವುದು ದೇವರ ಪ್ರಶ್ನೆಯಲ್ಲ, ದೊಡ್ಡಮ್ಮನದು. ಅವಳಿಗೆ ಗೊತ್ತಿತ್ತೇ?

ಗೊತ್ತಿತ್ತು ಎನ್ನುವವರ ಪರವಾಗಿ ಮಾತಾಡುತ್ತೇನೆ. ಹತ್ತು ಹಳ್ಳಿಯ ಅಟ್ಟಗಳಿಗೆ ತೀರ್ಪು ಕೊಡುವ ಕಿವಿ. ಅರ್ಧ ದಿನ ಮಡಿಲಲ್ಲಿ ಬಡಿದುಕೊಂಡ ಉಂಡೆ. ಕಿವಿ ಬೇಡ, ಅಂಗೈಗೇ ತಿಳಿಯುತ್ತದೆ. ಪಕ್ಕದವಳು ಎಷ್ಟು ತಿಂಗಳದ್ದೆಂದು ಕೇಳಿದಾಗ ಮುಖ ತಿರುಗಿಸಿದಳು, ಸೆರಗು ಸುತ್ತಿದಳು. ಎಲ್ಲ ತಿಳಿದೂ, ಮಗಳು ನಿದ್ದೆ ಮಾಡಲಿ ಎಂದು ಸುಳ್ಳನ್ನು ಒಪ್ಪಿಕೊಂಡಳು.

ಇನ್ನು ವಿರೋಧ. ಆ ವರ್ಷವೇ ದಂಡಿನಶಿವರದಲ್ಲಿ ಅವಳು ಇಳಿಸಲು ಹೇಳಿದ ರಾಶಿಯಲ್ಲಿ ಎಷ್ಟೋ ಕೊಬ್ಬರಿ ಚಿಪ್ಪಿಗೆ ಅಂಟಿಕೊಂಡಿತ್ತು, ಜನ ಆಡಿಕೊಂಡಿದ್ದರು. ನಾನಿದ್ದ ದಿನಗಳಲ್ಲಿ ಹಾಲಿನ ಗಾಡಿಯ ಹಾರನ್ನಿಗೆ ಅವಳು ಏಳುತ್ತಿರಲಿಲ್ಲ, ಮುಖ ನೋಡಿಯೇ ಮಾತಾಡುತ್ತಿದ್ದಳು. ಮೆಟ್ಟಿಲ ಮೇಲೆ ಬೆನ್ನ ಹಿಂದಿನಿಂದ ಕರೆದರೆ ತಿರುಗಲಿಲ್ಲ. ಅಂದರೆ ಕಿವಿ ಆಗಲೇ ಹೋಗಿತ್ತು, ಅವಳದನ್ನು ಬಚ್ಚಿಟ್ಟಿದ್ದಳು. ಹಾಗಿದ್ದರೆ ಅವಳು ಬೆಟ್ಟದಲ್ಲಿ ಕಂಡದ್ದು ನಿಜವಾದ ಪವಾಡ, ಮೋಸ ಮಾಡಿದವಳು ನಾನೊಬ್ಬಳೇ.

ಎರಡೂ ಕಡೆ ವಾದಿಸಬಲ್ಲೆ. ಗೆಲ್ಲಲು ಆಗುತ್ತಿಲ್ಲ.

ಇಷ್ಟು ವರ್ಷ ಹೀಗೇ ಸಾಗಿತ್ತು. ಈ ಸಲ ಬಂದ ಎರಡನೇ ದಿನ, ಪಕ್ಕದ ಮನೆಯ ಸೊಸೆ ಮಂಜುಳ ಬಂದಳು. ಏಳು ತಿಂಗಳ ಬಸುರಿ. ಕೈಯಲ್ಲಿ ಹಳದಿ ಬಟ್ಟೆಯ ಗಂಟು. ಅವಳಿಗೂ ಹಿಂದೆ ಒಂದು ಹೋಗಿತ್ತಂತೆ. ನಮ್ಮ ಕಥೆ ಕೇಳಿ ಅವರ ಮನೆಯಲ್ಲೂ ಅದೇ ಪದ್ಧತಿ ಹಿಡಿದಿದ್ದಾರೆ.

“ಅಕ್ಕ, ದಿನಾ ಬೆಳಿಗ್ಗೆ ಅಲ್ಲಾಡಿಸ್ತೀನಿ. ಇನ್ನೂ ನೀರೇ ಐತೆ.” ಅವಳ ಕಣ್ಣಿನ ಕೆಳಗೆ ಕಪ್ಪು ಕಟ್ಟಿತ್ತು. “ಮಂಗಳವಾರ ಬೆಟ್ಟಕ್ಕೆ ಹೋಗ್ಬೇಕು. ನಮ್ಮತ್ತೆ ಮಾತೇ ಬುಟ್ಟವ್ರೆ. ಅಮ್ಮ ನಂಗೆ ಒಲಿಲಿಲ್ಲ ಅಲ್ವಾ?”

“ನಾಲ್ಕು ತಿಂಗಳಿಗೆ ಯಾವ ಕಾಯೂ ಗಿಟುಕಾಗಲ್ಲ ಮಂಜುಳ. ನೀರು ಇರಲೇಬೇಕು. ಅದು ಸರಿಯಾಗಿಯೇ ಐತೆ.”

“ನಿಮ್ದು ಆಯ್ತಲ್ಲ ಅಕ್ಕ. ನೀವೇ ನೋಡಿದ್ರಲ್ಲ.”

ಒಳಗೆ ಗಿಟುಕಮ್ಮನಿಗೆ ಲತಕ್ಕ ಊಟ ಮಾಡಿಸುತ್ತಿದ್ದಳು. ಆ ಉಂಡೆ ಈಗಲೂ ದೇವರ ಗೂಡಿನಲ್ಲಿ, ಕಪ್ಪಗೆ ಒಣಗಿ, ಕುಂಕುಮ ಹಚ್ಚಿಕೊಂಡು ಕೂತಿದೆ. ನಾನು ನಿಜ ಹೇಳಿದರೆ ಈ ಮನೆಯ ಗೂಡು ಖಾಲಿಯಾಗುತ್ತದೆ. ಹೇಳದಿದ್ದರೆ ಮಂಜುಳ ಮಂಗಳವಾರದ ತನಕ ಆ ಕಾಯಿಯನ್ನು ಅಲ್ಲಾಡಿಸುತ್ತಲೇ ಇರುತ್ತಾಳೆ, ಉಣ್ಣದೆ, ಮಲಗದೆ. ಬೆಟ್ಟದಲ್ಲಿ ಎಲ್ಲರೆದುರು ನೀರು ಸುರಿದಾಗ ಏನಾಗುತ್ತದೋ ನನಗೆ ಗೊತ್ತಿಲ್ಲ.

ಅವಳ ಕೈಯಿಂದ ಗಂಟು ತೆಗೆದುಕೊಂಡೆ. ದೊಡ್ಡಮ್ಮ ಜಗಲಿಯ ಮೇಲೆ ಕಾಲು ಚಾಚಿ ಕೂತಿದ್ದಳು. ಈಗ ಅವಳಿಗೆ ಕಿವಿ ಮಂದವೆಂದು ಊರಿಗೆಲ್ಲ ಗೊತ್ತು. ಅಳಿಯ ತಂದುಕೊಟ್ಟ ಕಿವಿಯ ಮೆಷಿನ್ನು ಪೆಟ್ಟಿಗೆಯಲ್ಲೇ ಇದೆ, “ಗಾಳಿ ಸದ್ದೆಲ್ಲ ಒಳಕ್ಕೆ ಬತ್ತದೆ ಕಣಪ್ಪ” ಎಂದು ತೆಗೆದಿಟ್ಟಿದ್ದಾಳೆ. ಅಟ್ಟ ಹತ್ತುವುದನ್ನು ಅವಳು ಬೆಟ್ಟದಿಂದ ಬಂದ ವಾರವೇ ಬಿಟ್ಟಿದ್ದಳು. ಯಾಕೆಂದು ಯಾರೂ ಕೇಳಿರಲಿಲ್ಲ. ನಾನೂ.

ಗಂಟನ್ನು ಅವಳ ಮಡಿಲಲ್ಲಿ ಇಟ್ಟೆ. ಅವಳು ಹಳದಿ ಬಟ್ಟೆ ನೋಡಿದಳು, ಗೇಟಿನ ಹತ್ತಿರ ನಿಂತ ಮಂಜುಳಳನ್ನು ನೋಡಿದಳು. ಕೈ ತನ್ನಷ್ಟಕ್ಕೆ ಕಾಯಿಯನ್ನು ಎತ್ತಿ ಬಲಗಿವಿಯ ಹತ್ತಿರ ಒಯ್ದು ಅಲ್ಲಾಡಿಸಿತು. ನೀರು ತುಳುಕಿದ್ದು ನನಗೆ ಕೇಳಿಸಿತು. ಅವಳ ಮುಖದಲ್ಲಿ ಏನೂ ಬದಲಾಗಲಿಲ್ಲ. ಇನ್ನೊಂದು ಸಲ ಅಲ್ಲಾಡಿಸಿ, ಕಣ್ಣು ಮುಚ್ಚಿದಳು.

ನಾನು ಅವಳ ಮುಂದೆ, ಮುಖ ಕಾಣುವ ಹಾಗೆ, ನೆಲದ ಮೇಲೆ ಕೂತೆ. ಅವಳು ಕಣ್ಣು ತೆರೆಯುವ ತನಕ ಕಾದೆ. ಒಂದೊಂದೇ ಪದ ಬಿಡಿಸಿ ಕೇಳಿದೆ.

“ದೊಡ್ಡಮ್ಮ, ಅವತ್ತು ಬಸ್ಸಲ್ಲಿ ನಿನ್ನ ಮಡ್ಲಲ್ಲಿದ್ದ ಕಾಯಿ ಗಿಟ್ ಗಿಟ್ ಅಂತಿತ್ತಲ್ಲ, ನಿಂಗೆ ಕೇಳಿಸಿತ್ತಾ?”